ನರವ್ಯಾಧಿಯೂ ಮನಃಖಿನ್ನತೆಯೂ: ಔಷಧದ ಆಯ್ಕೆಯನ್ನು ಕುರಿತು ಒಂದು ಸಮೀಕ್ಷೆ

ಮಾನಂತವಾಡಿಯಿಂದ ಕುಟ್ಟಕ್ಕೆ ಹೋಗುವ ರಸ್ತೆಯಲ್ಲಿ, ವಯನಾಡು ವನ್ಯಜೀವಿಧಾಮದ ಉತ್ತರದ ಅಂಚಿನಲ್ಲಿ, ತಿರುನೆಲ್ಲಿ ಪಂಚಾಯಿತಿಗೆ ಸೇರಿದ ತೋಲ್ಪೆಟ್ಟಿ ಎಂಬ ಊರುಂಟು. ಅದನ್ನು ದಾಟಿದರೆ ಕೇರಳ ಮುಗಿದು ಕೊಡಗು ಆರಂಭವಾಗುವುದು. ಮಲಯಾಳವೂ ಕನ್ನಡವೂ ಕೊಡವ ನುಡಿಯೂ, ಕೊಡಗಿನವರು ಯರವರೆಂದು ಕರೆಯುವ ಅಡಿಯರ ಮಾತೂ, ಕನ್ನಡಕ್ಕೆ ತೀರ ಸಮೀಪವಾದ ಕಾಟ್ಟುನಾಯ್ಕರ ಮಾತೂ ಕೂಡಿ ಬಾಳುವ ಈ ಸೀಮೆಯಲ್ಲಿ, ಕಾಫಿ ಮತ್ತು ಮೆಣಸಿನ ತೋಟಗಳಲ್ಲಿ ದುಡಿದು ಬದುಕುವ ಒಬ್ಬನಿಗೆ ಬಹುಕಾಲದಿಂದ ನರದ ಬೇನೆಯಿದ್ದು, ಅದರ ಜೊತೆಗೆ ಮನಸ್ಸೂ ಕುಗ್ಗಿಹೋದಾಗ, ಅವನಿಗೆ ಯಾವ ಔಷಧವು ತಕ್ಕುದು, ಅದನ್ನು ಆರಿಸುವವರು ಯಾರು, ಆರಿಸಿದ್ದು ಸರಿಯಾಯಿತೋ ಇಲ್ಲವೋ ಎಂಬುದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯು ಹೊರನೋಟಕ್ಕೆ ವೈದ್ಯರಿಗೆ ಮಾತ್ರ ಸಂಬಂಧಿಸಿದ್ದೆಂದು ಕಂಡರೂ, ವಾಸ್ತವವಾಗಿ ಅದು ರೋಗಿಗೂ ಅವನ ಮನೆಯವರಿಗೂ, ಎರಡು ರಾಜ್ಯಗಳ ಆರೋಗ್ಯ ಇಲಾಖೆಗಳಿಗೂ ಸೇರಿದ ಪ್ರಶ್ನೆಯಾಗಿದೆ.

ನರವ್ಯಾಧಿಯೆಂಬುದು ಒಂದೇ ರೋಗದ ಹೆಸರಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಅಂಗಾಲಿನಿಂದ ಮೊದಲಾಗಿ ಮೇಲಕ್ಕೇರುವ ಉರಿ ಮತ್ತು ಜೋಮು, ಸರ್ಪಸುತ್ತಿನ ಗುಳ್ಳೆಗಳು ಒಣಗಿ ಮಾಸಿದ ಮೇಲೂ ಪಕ್ಕೆಯಲ್ಲಿ ಉಳಿದು ಬಟ್ಟೆ ಸೋಕಿದರೂ ಭುಗಿಲೇಳುವ ನೋವು, ಕುಷ್ಠದ ಕ್ರಿಮಿಗಳು ನಾಶವಾದ ಮೇಲೂ ಅವು ಕೆಡಿಸಿಹೋದ ನರಗಳಲ್ಲಿ ವರ್ಷಗಟ್ಟಲೆ ನಿಲ್ಲುವ ಯಾತನೆ, ಬಿ12 ಜೀವಸತ್ವದ ಕೊರತೆಯಿಂದಲೋ ಮದ್ಯದಿಂದಲೋ ಬರುವ ಕೈಕಾಲಿನ ಮರಗಟ್ಟುವಿಕೆ, ಸೊಂಟದಲ್ಲಿ ಒತ್ತಿಕೊಂಡ ನರದಿಂದ ಕಾಲಿನುದ್ದಕ್ಕೂ ಹರಿಯುವ ಸೆಳೆತ, ಇವೆಲ್ಲವೂ ಇದರಲ್ಲಿ ಅಡಕವಾಗುತ್ತವೆ. ಮೂಲಕಾರಣವು ಬೇರೆ ಬೇರೆಯಾದರೂ ಇವುಗಳಿಗೆ ಸಮಾನವಾದ ಒಂದು ಲಕ್ಷಣವುಂಟು: ಗಾಯದ ನೋವಿಗೆ ಕೊಡುವ ಸಾಮಾನ್ಯ ಗುಳಿಗೆಗಳಿಗೆ ಈ ನೋವು ಬಗ್ಗುವುದಿಲ್ಲ. ನೋವನ್ನು ಸಾರಬೇಕಾದ ತಂತುವೇ ಕೆಟ್ಟು, ಪೆಟ್ಟಿಲ್ಲದೆಯೂ ಪೆಟ್ಟಿನ ಸುದ್ದಿಯನ್ನು ಮಿದುಳಿಗೆ ಕಳುಹಿಸುತ್ತಿರುವುದೇ ಇದಕ್ಕೆ ಕಾರಣ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯು ಭಾರತದಲ್ಲಿ 10 ಕೋಟಿಗೂ ಮಿಕ್ಕಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜುಮಾಡಿ, ಕೇರಳವನ್ನು ಅತ್ಯಧಿಕ ಪ್ರಮಾಣವುಳ್ಳ ರಾಜ್ಯಗಳಲ್ಲಿ ಎಣಿಸಿರುವುದರಿಂದ, ಕಾಲಿನ ಉರಿಯಿಂದ ರಾತ್ರಿಗಳನ್ನು ಕಳೆಯುವವರ ಸಂಖ್ಯೆಯು ಅಲ್ಪವಾಗಿರಲಾರದು.

ಇಂಥ ನೋವಿರುವಲ್ಲಿ ಖಿನ್ನತೆಯು ಬರುವುದು ಆಶ್ಚರ್ಯವಲ್ಲ. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಖಿನ್ನತೆಯ ಸಂಭವವು ಇತರರಿಗಿಂತ ಸುಮಾರು ಇಮ್ಮಡಿಯೆಂದು 2001ರಷ್ಟು ಹಿಂದೆಯೇ ಅನೇಕ ಅಧ್ಯಯನಗಳ ಸಂಕಲನದಿಂದ ತಿಳಿದುಬಂದಿದೆ. ನೋವು ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆಯು ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸಿಗೆ ಅದೇ ನೋವು ಮತ್ತಷ್ಟು ತೀವ್ರವಾಗಿ ತೋರುತ್ತದೆ. ಈ ಚಕ್ರದಲ್ಲಿ ಸಿಕ್ಕವನನ್ನು ನೋಡಿ, ನಿನಗೆ ನೋವಿರುವುದರಿಂದ ದುಃಖ, ನೋವು ಹೋದರೆ ದುಃಖವೂ ಹೋಗುವುದು ಎಂದು ಹೇಳುವವರು ಒಂದು ಕಡೆ. ನಿನ್ನ ನೋವೆಲ್ಲವೂ ಮನಸ್ಸಿನದು ಎನ್ನುವವರು ಇನ್ನೊಂದು ಕಡೆ. ಎರಡು ಮಾತೂ ಅನ್ಯಾಯವಾದುವು. ಮೊದಲನೆಯದು ಖಿನ್ನತೆಗೆ ದೊರೆಯಬೇಕಾದ ಚಿಕಿತ್ಸೆಯನ್ನು ತಪ್ಪಿಸುತ್ತದೆ. ಎರಡನೆಯದು ಕೆಟ್ಟ ನರವನ್ನೇ ಅಲ್ಲಗಳೆದು ರೋಗಿಯನ್ನು ಅವಮಾನಿಸುತ್ತದೆ.

ಖಿನ್ನತೆಗಾಗಿ ಹುಟ್ಟಿದ ಔಷಧವು ನರದ ನೋವಿಗೂ ಉಪಯುಕ್ತವಾದ ವೃತ್ತಾಂತವು ಇಪ್ಪತ್ತನೆಯ ಶತಮಾನದ ವೈದ್ಯಚರಿತ್ರೆಯಲ್ಲಿ ಸ್ವಾರಸ್ಯವಾದ ಒಂದು ಭಾಗ. 1950ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಇಪ್ರೋನಿಯಾಜಿಡ್ ಎಂಬ ಹೊಸ ಮಾತ್ರೆಯನ್ನು ಸೇವಿಸಿದ ರೋಗಿಗಳು, ಶ್ವಾಸಕೋಶದ ಸ್ಥಿತಿ ಹಾಗಿರಲಿ, ಮನಸ್ಸಿನಲ್ಲಿ ಉಲ್ಲಸಿತರಾದುದನ್ನು ವೈದ್ಯರು ಕಂಡರು. 1957ರಲ್ಲಿ ನೇಥನ್ ಕ್ಲೈನ್ ಎಂಬವರು ಅದನ್ನು ಖಿನ್ನತೆಗೆ ಪ್ರಯೋಗಿಸಿದ ಫಲವನ್ನು ಪ್ರಕಟಿಸಿದರು. ಆ ವರ್ಷವೇ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್ ಎಂಬ ಮನೋವೈದ್ಯರು ಇಮಿಪ್ರಾಮಿನ್ ಎಂಬ ಬೇರೊಂದು ದ್ರವ್ಯದ ಗುಣವನ್ನು ಲೋಕಕ್ಕೆ ತಿಳಿಸಿದರು. ಇಪ್ರೋನಿಯಾಜಿಡ್‌ನ ಒಡಹುಟ್ಟಾದ ಐಸೋನಿಯಾಜಿಡ್ ಇಂದಿಗೂ ಕ್ಷಯದ ಮುಖ್ಯ ಔಷಧವಾಗಿದ್ದು, ಬಿ6 ಜೀವಸತ್ವವನ್ನು ಜೊತೆಗೆ ಕೊಡದಿದ್ದರೆ ಅದೇ ಕೈಕಾಲಿನ ನರಗಳನ್ನು ಕೆಡಿಸಬಲ್ಲುದೆಂಬುದನ್ನು ಇಲ್ಲಿ ನೆನೆಯಬಹುದು. ಇಮಿಪ್ರಾಮಿನ್ ಬಂದ ಕೆಲವೇ ವರ್ಷಗಳಲ್ಲಿ ಅದು ದೀರ್ಘಕಾಲದ ನೋವನ್ನೂ ತಗ್ಗಿಸುವುದು ಕಂಡುಬಂದಿತು. 1961ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದರ ಬಂಧು ಅಮಿಟ್ರಿಪ್ಟಿಲಿನ್ ನಮ್ಮ ನಾಡಿನ ಔಷಧದಂಗಡಿಗಳಲ್ಲಿ ಇಂದಿಗೂ ಅತ್ಯಂತ ಅಗ್ಗವಾದ ಮಾತ್ರೆಗಳಲ್ಲೊಂದಾಗಿ ಉಳಿದಿದೆ.

ಮೊದಮೊದಲು ವೈದ್ಯರು, ಖಿನ್ನತೆ ಕಡಮೆಯಾದುದರಿಂದ ನೋವು ಕಡಮೆಯಾದಂತೆ ತೋರುವುದೆಂದು ಊಹಿಸಿದ್ದರು. ಈ ಊಹೆಯು ನಿಲ್ಲಲಿಲ್ಲ. 1982ರಲ್ಲಿ ಕೆನಡಾದ ವಾಟ್ಸನ್ ಮತ್ತು ಸಂಗಡಿಗರು ಸರ್ಪಸುತ್ತಿನ ಅನಂತರದ ನೋವಿನಿಂದ ಬಳಲುತ್ತಿದ್ದ 24 ಮಂದಿಗೆ ಅಮಿಟ್ರಿಪ್ಟಿಲಿನ್ ಕೊಟ್ಟು ನೋಡಿದಾಗ 16 ಮಂದಿಗೆ ಒಳ್ಳೆಯ ಉಪಶಮನ ದೊರೆಯಿತು. ಅವರಲ್ಲಿ ಬಹುಮಂದಿಯ ಮನಃಸ್ಥಿತಿಯಲ್ಲಿ ಹೇಳಿಕೊಳ್ಳುವ ಬದಲಾವಣೆಯಾಗದೆಯೇ ನೋವು ಇಳಿದಿತ್ತು. 1992ರಲ್ಲಿ ಅಮೆರಿಕದ ಮಿಚೆಲ್ ಮ್ಯಾಕ್ಸ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ನರನೋವಿನಲ್ಲಿ ಮಾಡಿದ ಪರೀಕ್ಷೆಯು ಇನ್ನೂ ಸ್ಪಷ್ಟವಾದ ಬೆಳಕನ್ನು ಬೀರಿತು: ಅಮಿಟ್ರಿಪ್ಟಿಲಿನ್ ಮತ್ತು ಡೆಸಿಪ್ರಾಮಿನ್ ಖಿನ್ನರಿಗೂ ಖಿನ್ನರಲ್ಲದವರಿಗೂ ಸಮವಾಗಿ ನೋವನ್ನು ತಗ್ಗಿಸಿದುವು, ಖಿನ್ನತೆಗೆ ಆಗ ಬಹು ಪ್ರಸಿದ್ಧವಾಗಿದ್ದ ಫ್ಲೂಆಕ್ಸೆಟಿನ್ ಮಾತ್ರ ಖಿನ್ನರಾಗಿದ್ದವರಿಗಷ್ಟೇ ಪ್ರಯೋಜನವಾಗಿ, ಉಳಿದವರಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನದೇನನ್ನೂ ಸಾಧಿಸಲಿಲ್ಲ. ಇದರ ಕಾರಣವು ನರಮಂಡಲದ ರಚನೆಯಲ್ಲಿದೆ. ಮಿದುಳುಕಾಂಡದಿಂದ ಬೆನ್ನುಹುರಿಗೆ ಇಳಿದುಬರುವ ಕೆಲವು ನರಪಥಗಳು, ಗದ್ದೆಗೆ ಹರಿಯುವ ನೀರನ್ನು ತೂಬು ತಡೆಯುವಂತೆ, ಕೆಳಗಿನಿಂದ ಏರಿಬರುವ ನೋವಿನ ಸಂಕೇತವನ್ನು ತಡೆಯುತ್ತವೆ. ಈ ಕಾರ್ಯಕ್ಕೆ ಸಿರೊಟೋನಿನ್ ಒಂದೇ ಸಾಲದೆ, ನಾರ್‌ಅಡ್ರಿನಲಿನ್ ಎಂಬ ದ್ರವ್ಯವು ಪ್ರಧಾನವಾಗಿ ಬೇಕಾಗುತ್ತದೆ. ಸಿರೊಟೋನಿನ್ನನ್ನು ಮಾತ್ರ ಹೆಚ್ಚಿಸುವ ಫ್ಲೂಆಕ್ಸೆಟಿನ್, ಸರ್ಟ್ರಾಲಿನ್, ಎಸಿಟಲೋಪ್ರಾಮ್‌ಗಳು ಮನಸ್ಸಿಗೆ ಒಳ್ಳೆಯವಾದರೂ ನರದ ಉರಿಗೆ ದುರ್ಬಲವಾಗಿರುವುದು ಆದುದರಿಂದಲೇ. ಎರಡನ್ನೂ ಹೆಚ್ಚಿಸುವ ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಮೊದಲಾದ ಹಳೆಯ ವರ್ಗವೂ, ವೆನ್ಲಾಫಾಕ್ಸಿನ್, ಡುಲಾಕ್ಸೆಟಿನ್ ಎಂಬ ಹೊಸ ವರ್ಗವೂ ನರದ ನೋವಿಗೆ ಒದಗುವುದೂ ಆದುದರಿಂದಲೇ. ಡುಲಾಕ್ಸೆಟಿನ್‌ಗೆ 2004ರಲ್ಲಿ ಅಮೆರಿಕದಲ್ಲಿ ಖಿನ್ನತೆಗೂ ಸಕ್ಕರೆ ಕಾಯಿಲೆಯ ನರನೋವಿಗೂ ಒಂದೇ ವರ್ಷದಲ್ಲಿ ಅನುಮತಿ ದೊರೆಯಿತು.

ಹಾಗಾದರೆ ಎರಡೂ ರೋಗಗಳಿರುವವನಿಗೆ ಡುಲಾಕ್ಸೆಟಿನ್ ಕೊಟ್ಟರೆ ಮುಗಿಯಿತಲ್ಲ ಎಂದು ಓದುಗರು ಕೇಳಬಹುದು. 2023ರ ಕಾಕ್ರೇನ್ ಸಮೀಕ್ಷೆಯು 176 ಪ್ರಯೋಗಗಳನ್ನೂ 28,000ಕ್ಕೂ ಮಿಕ್ಕ ರೋಗಿಗಳನ್ನೂ ಪರಿಶೀಲಿಸಿ, ದೀರ್ಘಕಾಲದ ನೋವಿಗೆ ಖಿನ್ನತಾನಿವಾರಕಗಳಲ್ಲಿ ಅತ್ಯಂತ ನೆಚ್ಚತಕ್ಕ ಆಧಾರವಿರುವುದು ಡುಲಾಕ್ಸೆಟಿನ್‌ಗೇ ಎಂದು ತೀರ್ಮಾನಿಸಿತು. ದಿನಕ್ಕೆ 60 ಮಿಲಿಗ್ರಾಮಿಗಿಂತ ಹೆಚ್ಚಿಸಿದರೆ ಹೆಚ್ಚಿನ ಫಲವಿಲ್ಲವೆಂದೂ ಹೇಳಿತು. ಆದರೆ ಆ ಪ್ರಯೋಗಗಳು ಬಹುಮಟ್ಟಿಗೆ ಕೆಲವು ವಾರಗಳವಷ್ಟೇ ಆಗಿದ್ದುವು. ಅವುಗಳಲ್ಲಿ ಬಹುಪಾಲು ಮಾನಸಿಕ ಕಾಯಿಲೆಯುಳ್ಳವರನ್ನು ಸೇರಿಸಿಕೊಂಡೇ ಇರಲಿಲ್ಲ. ನರದ ನೋವನ್ನೂ ಖಿನ್ನತೆಯನ್ನೂ ಒಟ್ಟಿಗೆ ಹೊತ್ತವನು, ಅಂದರೆ ಈ ಔಷಧವು ಯಾರಿಗೆ ಅತ್ಯಂತ ಅವಶ್ಯವೋ ಅವನೇ, ಪರೀಕ್ಷೆಯ ಬಾಗಿಲಿನಿಂದ ಹೊರಗುಳಿದಿದ್ದಾನೆ. ಈ ಒಂದು ಸಂಗತಿಯು ನನಗೆ ಬೇರೆಲ್ಲ ಅಂಕಿಗಳಿಗಿಂತ ಗುರುತರವಾಗಿ ತೋರುತ್ತದೆ.

ಅಂಕಿಗಳೂ ವಿನಯವನ್ನೇ ಬೋಧಿಸುತ್ತವೆ. 2015ರಲ್ಲಿ ಫಿನ್ನೆರಪ್ ಮತ್ತು ಸಂಗಡಿಗರು ಮಾಡಿದ ಲೆಕ್ಕದಂತೆ, ಒಬ್ಬ ರೋಗಿಗೆ ನೋವು ಅರ್ಧದಷ್ಟು ಇಳಿಯಬೇಕಾದರೆ ಹಳೆಯ ವರ್ಗದ ಔಷಧವನ್ನು ಸರಾಸರಿ 3.6 ಮಂದಿಗೆ, ಹೊಸ ವರ್ಗದ್ದನ್ನು 6.4 ಮಂದಿಗೆ, ಖಿನ್ನತಾನಿವಾರಕವಲ್ಲದ ಪ್ರಿಗಾಬಲಿನ್ ಅನ್ನು 7.7 ಮಂದಿಗೆ ಕೊಡಬೇಕಾಗುತ್ತದೆ. ಉಳಿದವರಿಗೆ ಅಷ್ಟು ಫಲವಿಲ್ಲ. ಖಿನ್ನತೆಯ ಕಡೆಯಿಂದ ನೋಡಿದರೂ, ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಫಲಿತಾಂಶ ಪ್ರಕಟವಾದ ಸ್ಟಾರ್-ಡಿ ಎಂಬ ಪ್ರಯೋಗದಲ್ಲಿ ಮೊದಲನೆಯ ಔಷಧದಿಂದಲೇ ಪೂರ್ಣ ಗುಣ ಕಂಡವರು ಮೂರರಲ್ಲೊಂದು ಪಾಲಿನವರು ಮಾತ್ರ. 2022ರಲ್ಲಿ ಇಂಗ್ಲೆಂಡಿನಿಂದ ಬಂದ ಆಪ್ಷನ್-ಡಿಎಂ ಎಂಬ ಪ್ರಯೋಗವು ಸ್ವಲ್ಪ ಧೈರ್ಯವನ್ನು ಕೊಡುವಂಥದು: ಸಕ್ಕರೆ ಕಾಯಿಲೆಯ ನರನೋವಿನ 130 ರೋಗಿಗಳಲ್ಲಿ ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗಾಬಲಿನ್ ಮೂರರಲ್ಲಿ ಯಾವುದರಿಂದ ಆರಂಭಿಸಿ, ಸಾಲದಿದ್ದಾಗ ಇನ್ನೊಂದನ್ನು ಕೂಡಿಸಿದರೂ, ಹತ್ತರಲ್ಲಿ 6.6ರಷ್ಟಿದ್ದ ನೋವಿನ ಸರಾಸರಿ ಅಳತೆಯು 3.3ಕ್ಕೆ ಇಳಿಯಿತು. ಆದುದರಿಂದ ಆರಂಭಕ್ಕೆ ಯಾವುದು ಶ್ರೇಷ್ಠವೆಂಬ ವಾದಕ್ಕಿಂತ, ಈ ರೋಗಿಯ ದೇಹಕ್ಕೆ ಯಾವುದು ಕನಿಷ್ಠ ಹಾನಿಕರವೆಂಬ ವಿಚಾರವೂ, ಆರಂಭಿಸಿದ ಮೇಲೆ ಬಿಡದೆ ಹಿಂಬಾಲಿಸುವ ತಾಳ್ಮೆಯೂ ಹೆಚ್ಚು ಮುಖ್ಯವೆಂಬುದು ನನ್ನ ಅಭಿಪ್ರಾಯ.

ಈ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಅಮಿಟ್ರಿಪ್ಟಿಲಿನ್‌ಗೆ ನಿದ್ರೆ ತರಿಸುವ ಗುಣವಿರುವುದರಿಂದ, ಉರಿಯಿಂದ ರಾತ್ರಿಯಿಡೀ ಎಚ್ಚರವಾಗಿರುವ ನಡುವಯಸ್ಸಿನವನಿಗೆ ಅದು ವರವಾಗಬಹುದು. ಆದರೆ ಅದೇ ಮಾತ್ರೆಯು ಬಾಯೊಣಗುವಿಕೆ, ಮಲಬದ್ಧತೆ, ಮೂತ್ರದ ತಡೆ, ಎದ್ದು ನಿಂತಾಗ ತಲೆತಿರುಗುವಿಕೆಗಳನ್ನುಂಟುಮಾಡುವುದರಿಂದ, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ವೃದ್ಧನಿಗೂ, ಕೆಲವು ಬಗೆಯ ಗ್ಲಾಕೋಮ ಇರುವವನಿಗೂ, ಹೃದಯದ ಬಡಿತದಲ್ಲಿ ದೋಷವುಳ್ಳವನಿಗೂ ಅಪಾಯಕರವಾಗುವುದು. ವಯಸ್ಸಾದವರಿಗೆ ಮೊದಲು ಇ.ಸಿ.ಜಿ. ತೆಗೆಯಿಸುವುದು ವಿವೇಕ. ಅಮಿಟ್ರಿಪ್ಟಿಲಿನ್‌ಗಿಂತ ನಾರ್ಟ್ರಿಪ್ಟಿಲಿನ್ ಸ್ವಲ್ಪ ಸೌಮ್ಯ. ಡುಲಾಕ್ಸೆಟಿನ್ ಮೊದಲ ವಾರಗಳಲ್ಲಿ ಓಕರಿಕೆಯನ್ನು ತರಬಹುದು, ರಕ್ತದೊತ್ತಡವನ್ನು ಏರಿಸಬಹುದು. ಯಕೃತ್ತಿನ ರೋಗವುಳ್ಳವನಿಗೂ ಮದ್ಯವನ್ನು ಬಹಳವಾಗಿ ಸೇವಿಸುವವನಿಗೂ ಅದು ತಕ್ಕುದಲ್ಲ. ಮೂತ್ರಪಿಂಡಗಳು ತೀರ ದುರ್ಬಲವಾದವನಿಗೂ ಸಲ್ಲದು. ಮದ್ಯದಿಂದಲೇ ನರ ಕೆಟ್ಟವನಿಗೆ ಹೊಸ ಔಷಧವು ನಿಷಿದ್ಧವಾಗಿ, ಹಳೆಯದನ್ನೂ ಮದ್ಯದೊಡನೆ ಸೇವಿಸಬಾರದಾದುದರಿಂದ, ಅಲ್ಲಿ ಮೊದಲನೆಯ ಔಷಧವು ಮದ್ಯವನ್ನು ಬಿಡಿಸುವುದೇ ಆಗಬೇಕಾಗುತ್ತದೆ. ಇನ್ನೊಂದು ಖಿನ್ನತಾನಿವಾರಕವಾದ ಮಿರ್ಟಾಜಪಿನ್ ನಿದ್ರೆ ಹಸಿವುಗಳನ್ನು ಹೆಚ್ಚಿಸುವುದರಿಂದ ಕೃಶನಾದವನಿಗೆ ಹಿತ, ತೂಕ ಏರಬಾರದ ಸಕ್ಕರೆ ರೋಗಿಗೆ ಅಹಿತ. ನೋವಿಗೆಂದು ಒಬ್ಬ ವೈದ್ಯರು ಬರೆದ ಟ್ರಮಡಾಲ್ ಇನ್ನೊಬ್ಬ ವೈದ್ಯರು ಖಿನ್ನತೆಗೆ ಬರೆದ ಮಾತ್ರೆಯೊಡನೆ ಕೂಡಿದರೆ ದೇಹದಲ್ಲಿ ಸಿರೊಟೋನಿನ್ ಮಿತಿಮೀರಿ ನಡುಕ, ಜ್ವರ, ಭ್ರಮೆಗಳಿಗೆ ಕಾರಣವಾಗಬಲ್ಲುದು. ಫ್ಲೂಆಕ್ಸೆಟಿನ್ ಅಥವಾ ಪರಾಕ್ಸೆಟಿನ್ ಜೊತೆಗೆ ಅಮಿಟ್ರಿಪ್ಟಿಲಿನ್ ಸೇರಿದರೆ ಎರಡನೆಯದರ ಪ್ರಮಾಣವು ರಕ್ತದಲ್ಲಿ ಅನಿರೀಕ್ಷಿತವಾಗಿ ಏರುವುದು. ಇಬ್ಬರು ವೈದ್ಯರ ಚೀಟಿಗಳನ್ನು ಒಬ್ಬರು ಕೂತು ಒಟ್ಟಿಗೆ ಓದಬೇಕಾದ ಅಗತ್ಯವು ಇದರಿಂದ ತಿಳಿಯುವುದು.

ಇನ್ನೊಂದು ತೊಡಕಿದೆ, ನಮ್ಮ ಆಸ್ಪತ್ರೆಗಳಲ್ಲಿ ಇದರಷ್ಟು ಉಪೇಕ್ಷೆಗೆ ಗುರಿಯಾದುದು ಮತ್ತೊಂದಿಲ್ಲ. ನರದ ಉರಿಗೆಂದು ರಾತ್ರಿ ಮಲಗುವಾಗ ಕೊಡುವ ಅಮಿಟ್ರಿಪ್ಟಿಲಿನ್ ಸಾಮಾನ್ಯವಾಗಿ 10 ಅಥವಾ 25 ಮಿಲಿಗ್ರಾಮಿನದು. ಖಿನ್ನತೆಯು ಅಷ್ಟಕ್ಕೆ ಅಲುಗುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ 75 ಮಿಲಿಗ್ರಾಮಿನಿಂದ ಮೇಲಕ್ಕೆ ಬೇಕು. ಹೀಗಿರಲು, ರೋಗಿಯು ಖಿನ್ನತೆಯ ಮಾತ್ರೆಯನ್ನು ಈಗಾಗಲೇ ನುಂಗುತ್ತಿದ್ದಾನೆಂಬ ಭ್ರಾಂತಿಯಿಂದ ಅವನ ಖಿನ್ನತೆಗೆ ಬೇರೆ ಚಿಕಿತ್ಸೆಯೇ ಆಗದಿರುವುದುಂಟು. ಇತ್ತ ರೋಗಿಗೆ ಅದನ್ನು ನರದ ಮಾತ್ರೆಯೆಂದೋ ನಿದ್ದೆ ಮಾತ್ರೆಯೆಂದೋ ಹೇಳಿ ಕೊಟ್ಟಿರುತ್ತಾರೆ. ಅವನು ಮುಂದೊಂದು ದಿನ ಔಷಧದಂಗಡಿಯವನಿಂದಲೋ ಓದಿದ ಮಗಳಿಂದಲೋ ಅದು ಖಿನ್ನತೆಯ ಮಾತ್ರೆಯೆಂದು ತಿಳಿದು, ತನ್ನನ್ನು ತಲೆಕೆಟ್ಟವನೆಂದು ವೈದ್ಯರು ಎಣಿಸಿದರೆಂದು ನೊಂದು, ಅಂದೇ ಅದನ್ನು ಬಿಟ್ಟುಬಿಡುತ್ತಾನೆ. ಈ ಔಷಧವು ಖಿನ್ನತೆಗಾಗಿ ಬಂದದ್ದು, ನರಕ್ಕೂ ಸ್ವತಂತ್ರವಾಗಿ ಕೆಲಸ ಮಾಡುತ್ತದೆ, ನಿನಗೆ ಇಂಥ ಕಾರಣಕ್ಕೆ ಕೊಡುತ್ತಿದ್ದೇನೆ, ಫಲ ಕಾಣಲು ಎರಡರಿಂದ ಆರು ವಾರ ಹಿಡಿಯುವುದು, ತೊಂದರೆಗಳು ಮೊದಲು ಬಂದು ಗುಣವು ಅನಂತರ ಬರುವುದು ಎಂಬ ನಾಲ್ಕು ಮಾತನ್ನು ಆರಂಭದಲ್ಲಿಯೇ ಹೇಳಿದ್ದರೆ ಎಷ್ಟೋ ಚಿಕಿತ್ಸೆಗಳು ಮಧ್ಯದಲ್ಲಿ ಮುರಿಯುತ್ತಿರಲಿಲ್ಲ. ಈ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳ, ನಿದ್ರಾಭಂಗಗಳಾಗುವುದರಿಂದ ಕ್ರಮವಾಗಿ ಇಳಿಸಬೇಕೆಂಬುದನ್ನೂ, ಖಿನ್ನತೆ ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕೆಂಬುದನ್ನೂ ಹೇಳಿಕೊಡಬೇಕು.

ಮನೆಯಲ್ಲಿ ಮಾತ್ರೆಗಳನ್ನು ಇಡುವ ಬಗೆಯನ್ನು ಕುರಿತು ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಹಳೆಯ ವರ್ಗದ ಔಷಧಗಳು ಮಿತಿಮೀರಿದರೆ ಹೃದಯಕ್ಕೆ ಘಾತಕವಾದುವು. 2000ರ ಆಸುಪಾಸಿನಲ್ಲಿ ಮೆಣಸು ಕಾಫಿಗಳ ಬೆಲೆ ಕುಸಿದಾಗ ವಯನಾಡಿನ ರೈತರ ಮನೆಗಳಲ್ಲಿ ನಡೆದ ಸಾವುಗಳನ್ನು ಈ ಸೀಮೆಯವರು ಮರೆತಿಲ್ಲ. ಆದುದರಿಂದ ತೀವ್ರವಾಗಿ ಖಿನ್ನನಾದವನಿಗೆ ತಿಂಗಳುಗಟ್ಟಲೆಯ ಮಾತ್ರೆಗಳನ್ನು ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವಾಗಿ ಕೊಡುವುದೂ, ಅವನ್ನು ಮನೆಯ ಇನ್ನೊಬ್ಬರ ವಶದಲ್ಲಿಡುವುದೂ, ಬದುಕು ಬೇಡವೆಂಬ ಮಾತು ಅವನ ಬಾಯಲ್ಲಿ ಬಂದಾಗ ಅದನ್ನು ನಿರ್ಲಕ್ಷಿಸದೆ ಅಂದೇ ವೈದ್ಯರಿಗೆ ತಿಳಿಸುವುದೂ ಔಷಧದಷ್ಟೇ ಅವಶ್ಯ.

ಈಗ ಚಿಕಿತ್ಸೆಯ ಸ್ಥಾನಗಳ ವಿಚಾರ. ನರವೈದ್ಯವೂ ಮನೋವೈದ್ಯವೂ ಒಂದೇ ಆವರಣದಲ್ಲಿ ಕೂಡಿರಬೇಕೆಂಬ ತತ್ತ್ವಕ್ಕೆ ನಮ್ಮ ನಾಡೇ ಉತ್ತಮ ನಿದರ್ಶನ: 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಯಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು, 1974ರಲ್ಲಿ ಆ ಆಸ್ಪತ್ರೆಯೊಡನೆ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಎಂಬ ಹೆಸರನ್ನು ತಳೆಯಿತು, ಮನಸ್ಸು ಮತ್ತು ನರ ಎರಡೂ ಆ ಹೆಸರಿನಲ್ಲಿಯೇ ಸೇರಿವೆ. ಆದರೆ ತೋಲ್ಪೆಟ್ಟಿಯಿಂದ ಬೆಂಗಳೂರು ಸುಮಾರು 250 ಕಿಲೋಮೀಟರ್ ದೂರ; ದಿನಗೂಲಿಯವನು ಮಾತ್ರೆಯ ಪ್ರಮಾಣವನ್ನು 10ರಿಂದ 25ಕ್ಕೆ ಏರಿಸಿಕೊಳ್ಳಲು ಅಷ್ಟು ದೂರ ಹೋಗಲಾರ. ದೊಡ್ಡ ಸಂಸ್ಥೆಯ ವಿದ್ಯೆಯು ಸಣ್ಣ ಊರಿಗೆ ಇಳಿಯಬೇಕೆಂಬ ಉದ್ದೇಶದಿಂದಲೇ ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಕೊಟ್ಟು ನಡೆಸಿದ ಪ್ರಯೋಗವು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರಗಳಂದು ಬರುವ ಮನೋಚೈತನ್ಯ, ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರದಲ್ಲಿಯೇ ಖಿನ್ನತೆಯನ್ನು ಗುರುತಿಸುವ ಆಶ್ವಾಸಂ, ಇವೆರಡೂ ಆ ಮಾರ್ಗದಲ್ಲಿ ಬಂದ ಸತ್ಕಾರ್ಯಗಳು. ಆದರೂ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ಖಿನ್ನತೆ ಮೊದಲಾದ ಸಾಮಾನ್ಯ ಮನೋವ್ಯಾಧಿಗಳುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯು ತಲಪಿಲ್ಲವೆಂದು ಹೇಳಿತು.

ಈ ಅಂತರವನ್ನು ತುಂಬಲು ಕೇರಳದಲ್ಲಿ ಸಿದ್ಧವಾಗಿರುವ ಒಂದು ಸಾಧನವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. 1993ರಲ್ಲಿ ಕೋಳಿಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ನೋವುಶಮನ ಸಂಸ್ಥೆಯಿಂದ ಬೆಳೆದು, ಮಲಬಾರಿನ ಊರೂರುಗಳಲ್ಲಿ ಸ್ವಯಂಸೇವಕರ ಬಲದಿಂದ ಹಬ್ಬಿ, 2008ರಲ್ಲಿ ರಾಜ್ಯದ ನೀತಿಯಾಗಿ ಅಂಗೀಕೃತವಾದ ಪಾಲಿಯೇಟಿವ್ ಆರೈಕೆಯ ವ್ಯವಸ್ಥೆಯಲ್ಲಿ, ಪಂಚಾಯಿತಿಯ ದಾದಿಯು ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾಳೆ. ನೋವನ್ನು ಕೇಳಿ ಅಳೆಯುವುದು ಅವಳಿಗೆ ಅಭ್ಯಾಸವಾದ ಕೆಲಸ. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಕೊಡುವುದು ಆ ಆರೈಕೆಯಲ್ಲಿ ಹೊಸದಲ್ಲ. ಅವಳೇ ನಿದ್ರೆ, ಹಸಿವು, ಮನಸ್ಸಿನ ಸ್ಥಿತಿಗಳನ್ನೂ ಕೇಳಿ, ಮಾತ್ರೆಯಿಂದಾದ ತೊಂದರೆಗಳನ್ನು ಬರೆದುಕೊಂಡು ವೈದ್ಯರಿಗೆ ತಿಳಿಸುವಂತಾದರೆ, ಖಿನ್ನತಾನಿವಾರಕದ ಆಯ್ಕೆಗೆ ಬೇಕಾದ ಹಿಂಬಾಲನೆಯು ರೋಗಿಯ ಜಗುಲಿಯಲ್ಲಿಯೇ ನಡೆಯುವುದು. ಅಡಿಯರೂ ಕಾಟ್ಟುನಾಯ್ಕರೂ ಇರುವ ಹಾಡಿಗಳಲ್ಲಿ ಈ ಪ್ರಶ್ನೆಗಳನ್ನು ಅವರ ನುಡಿ ಬಲ್ಲವರೇ ಕೇಳಬೇಕಾದುದು ಮುಖ್ಯ. ಉರಿ, ಸೆಳೆತ, ಬೇಸರಗಳನ್ನು ಪರಭಾಷೆಯಲ್ಲಿ ಹೇಳಹೋದವನು ಕೊನೆಗೆ ಕಾಲುನೋವು ಎಂದಷ್ಟೇ ಹೇಳಿ ಹಿಂದಿರುಗುತ್ತಾನೆ.

ಗಡಿಯ ಕಷ್ಟವು ಇನ್ನೊಂದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ವಾಹನಸಂಚಾರಕ್ಕೆ ನಿಷೇಧವಿರುವುದರಿಂದ, ಮೈಸೂರಿಗೆ ಹೋಗುವವರಿಗೆ ಕುಟ್ಟ, ಗೋಣಿಕೊಪ್ಪಲು, ಹುಣಸೂರಿನ ಮಾರ್ಗವು ಬದಲಿಯಾಗಿದೆ. ತೋಲ್ಪೆಟ್ಟಿಯು ಈ ಮಾರ್ಗದ ಮೇಲೆಯೇ ಇದೆ. ರೋಗಿಯು ಒಮ್ಮೆ ಮಾನಂತವಾಡಿಗೆ, ಒಮ್ಮೆ ಗೋಣಿಕೊಪ್ಪಲಿಗೆ, ಒಮ್ಮೆ ಮೈಸೂರಿಗೆ ಹೋದರೆ, ಮೂರು ಕಡೆಯ ಚೀಟಿಗಳು ಒಂದನ್ನೊಂದು ಅರಿಯವು. 2020ರ ಮಾರ್ಚಿಯಲ್ಲಿ ಕರ್ನಾಟಕವು ಕೇರಳದ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟು, ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆ ತಡೆಯನ್ನು ತೆಗೆಸಬೇಕೆಂದು ಕೇಂದ್ರಕ್ಕೆ ಆದೇಶಿಸಬೇಕಾಯಿತು. ದಿನವೂ ನುಂಗಬೇಕಾದ, ಹಠಾತ್ತಾಗಿ ನಿಲ್ಲಿಸಬಾರದ ಔಷಧವನ್ನು ಗಡಿಯಾಚೆಯಿಂದ ತರುವವನಿಗೆ ಅಂಥ ದಿನಗಳು ಎಷ್ಟು ಭಯಾನಕವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಅದೇ ಮಾರ್ಚಿಯಲ್ಲಿ ಪ್ರಕಟವಾದ ದೂರವೈದ್ಯದ ರಾಷ್ಟ್ರೀಯ ನಿಯಮಾವಳಿಯು, ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನಾದರೂ ದೂರವಾಣಿ, ವಿಡಿಯೊಗಳ ಮೂಲಕ ನೋಡಬಹುದೆಂದು ಸ್ಪಷ್ಟಪಡಿಸಿತು. ಮೈಸೂರಿನಲ್ಲಿ ಆರಂಭವಾದ ಚಿಕಿತ್ಸೆಯನ್ನು ತಿರುನೆಲ್ಲಿಯ ಆರೋಗ್ಯ ಕೇಂದ್ರದಿಂದಲೇ ಮುಂದುವರಿಸಲು ಕಾನೂನಿನ ಅಡ್ಡಿಯಿಲ್ಲ; ಅಡ್ಡಿಯಿರುವುದು ನಮ್ಮ ಉದಾಸೀನದಲ್ಲಿ.

ವಯನಾಡು ಮತ್ತು ಕೊಡಗು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಗಡಿಯ ರೋಗಿಗಳಿಗಾಗಿ ಎರಡು ಭಾಷೆಗಳಲ್ಲಿ ಅಚ್ಚಾದ ಒಂದೇ ಚಿಕಿತ್ಸಾಪುಸ್ತಕವನ್ನು ಮಾಡಿಸಿ, ಎರಡೂ ಕಡೆಯ ಆಸ್ಪತ್ರೆಗಳು ಅದರಲ್ಲಿಯೇ ಬರೆಯುವಂತೆ ಮಾಡಬೇಕೆಂದು ನಾನು ಪ್ರಾರ್ಥಿಸುತ್ತೇನೆ. ಅದು ಆಗುವವರೆಗೆ ರೋಗಿಗಳು ತಮ್ಮ ಎಲ್ಲ ಚೀಟಿಗಳನ್ನೂ, ಬಿಟ್ಟ ಔಷಧಗಳ ಹೆಸರು ಮತ್ತು ಬಿಟ್ಟ ಕಾರಣವನ್ನೂ ಒಂದೇ ನೋಟುಪುಸ್ತಕದಲ್ಲಿಟ್ಟುಕೊಂಡು, ಯಾವ ವೈದ್ಯರ ಮುಂದೆ ಹೋದರೂ ಅದನ್ನು ಮೊದಲು ತೋರಿಸಬೇಕು. ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಬಾರದು. ವೈದ್ಯರು ದೊರೆಯದ ವೇಳೆಯಲ್ಲಿ ಮನಸ್ಸು ತೀರ ಕಂಗೆಟ್ಟರೆ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ಸಹಾಯವಾಣಿಯುಂಟು; ಅದರ ಸಂಖ್ಯೆ 14416. ಕರೆಗೆ ಹಣವಿಲ್ಲ, ಹಗಲು ರಾತ್ರಿಯೆಲ್ಲ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಉತ್ತರ ದೊರೆಯುತ್ತದೆ.